ಕಚ್ಚಿಟ್ಟ ರೊಟ್ಟಿ

"ಕಚ್ಚು," ಎಂದು ನರ್ಸ್ ಬುರುಲ್ ರೊಟ್ಟಿಯನ್ನು ಉಲಾನ್‌ನ ಬಾಯಿಗೇ ಹಿಡಿದಳು.

ಬಿಷ್ಕೆಕ್‌ನಲ್ಲಿ ದೂರ ಹೊರಟವರು ಒಂದು ತುತ್ತು ಕಚ್ಚಿಯೇ ಹೋಗುವುದು. ಉಳಿದದ್ದು ಮನೆಯ ಗೋಡೆಯಲ್ಲಿ ತೂಗುತ್ತಿರುತ್ತದೆ, ಅವರೇ ಬಂದು ತಿನ್ನಬೇಕು. ಉಲಾನ್ ಹೊರಟಿದ್ದು ಮ್ಯಾನ್‌ಹೋಲ್‌ನೊಳಕ್ಕೆ, ಹತ್ತೇ ಮೆಟ್ಟಿಲು. ಆದರೂ ಬುರುಲ್‌ಗೆ ಭಯ.

ಅದರೊಳಗೆ, ಊರಿಗೆ ಬಿಸಿನೀರು ಒಯ್ಯುವ ಪೈಪುಗಳ ಪಕ್ಕ, ಮನೆಯಿಲ್ಲದವರು ಮಲಗುತ್ತಾರೆ. ಎರಡು ಚಳಿಗಾಲದ ಹಿಂದೆ ಉಲಾನ್ ಕೂಡ ಅಲ್ಲೇ ಇದ್ದ. ಹಿಮಕ್ಕೆ ಕೊಳೆತ ಅವನ ಕಾಲಿಗೆ ಬ್ಯಾಂಡೇಜ್ ಸುತ್ತಿದವಳು ಇವಳೇ. ಅವನ ಎರಡು ಕಾಲ್ಬೆರಳು ಹೋದವು, ಜೊತೆಗೆ ಮನಸ್ಸೂ ಅವಳ ಪಾಲಾಯಿತು. ಈಗ ಅವಳ ಚಿಕಿತ್ಸಾ ವ್ಯಾನಿನಲ್ಲೇ ಅವನಿಗೆ ಕೆಲಸ.

"ನಾಳೆ ಪೈಪಿಗೆ ಬಿಸಿನೀರು ಬಿಡ್ತಾರೆ. ಕೆಳಗಿರೋ ಜಿಪರ್ ಅಪಾ ಕಾಲಲ್ಲಿ ಹುಳ ಬಿದ್ದಿದೆ. ಮುದುಕಿ ಬೈದ್ರೂ ಸರಿ, ಇವತ್ತು ಹೊತ್ಕೊಂಡು ಬಾ."

"ಅಪ್ಪಣೆ, ಡಾಕ್ಟ್ರಮ್ಮ," ಎಂದು ಉಲಾನ್ ಛೇಡಿಸಿದ.

"ಏನೋ ಕೇಳ್ಬೇಕು ಅಂತಿದ್ದೆ?"

"ಮೇಲೆ ಬಂದು ಕೇಳ್ತೀನಿ." ಕಣ್ಣಲ್ಲೇ ನಕ್ಕ. "ಅಪಾ ಉಪವಾಸ ಇದಾಳೆ," ಎಂದು ರೊಟ್ಟಿ ಕಸಿದುಕೊಂಡು, ಕಚ್ಚದೆಯೇ ಇಳಿದುಬಿಟ್ಟ.

ಬುರುಲ್ ಗುಂಡಿಯೊಳಕ್ಕೆ ಬಗ್ಗಿದಳು. ಅಲ್ಲ, ಇವನಿಗೆ ಬುದ್ಧಿ ಬೇಡವೇ!

ಬೂಟಿನಡಿ ನೆಲ ಗುಂಯ್ ಎಂದಿತು. ಒಳಗೆ ಪೈಪು ಟಕ್ ಟಕ್ ಬಡಿಯತೊಡಗಿತು. ನಾಳೆಯ ನೀರು ಇವತ್ತೇ ಬಂದಿತ್ತು.

"ಉಲಾನ್! ನೀರು ಬಿಟ್ರು, ಬಾರೋ!"

ಮೊದಲು ಬಂದದ್ದು ಜಿಪರ್ ಅಪಾಳ ತಲೆ. ಬುರುಲ್ ರಟ್ಟೆ ಹಿಡಿದು ಎಳೆದಳು. ಮುದುಕಿಯ ಮುಷ್ಟಿಯಲ್ಲಿ ರೊಟ್ಟಿ, ಒಂದು ಅಂಚು ಕಚ್ಚಿದ್ದು.

"ಅವನೇ ಕಚ್ಚಿ, ನಿನಗೆ ಕೊಡು ಅಂದ, ಮಗಳೇ."

ಕೆಳಗೇನೋ ಒಡೆಯಿತು. ಬಿಳಿ ಹಬೆ ಬುಸ್ಸೆಂದು ಮೇಲೆದ್ದಿತು.

ಬುರುಲ್ ಕಿರುಚಿದಳು. "ಉಳಿದದ್ದು ಯಾರು ತಿನ್ಬೇಕೋ, ಹಾಳಾದವನೇ! ನೀನಿಲ್ದೆ ನಾನು ಬದುಕಲ್ಲ ಕಣೋ!"

ಹಬೆಯೊಳಗಿಂದ ಕೆಂಪಗೆ ಬೆಂದ ಕೈಯೊಂದು ಅಂಚು ಹಿಡಿಯಿತು.

ವ್ಯಾನಿನಲ್ಲಿ ಅವಳು ಅವನ ಕೈಗಳಿಗೆ ತಣ್ಣೀರು ಸುರಿದಳು, ಬಟ್ಟೆ ಸುತ್ತಿದಳು.

"ಕೇಳಿಸ್ತು," ಎಂದ.

"ಏನು?"

"ಬದುಕಲ್ಲ ಅಂದದ್ದು."

ಅವಳು ಮುಖ ತಿರುಗಿಸಿದಳು. "ಈಗ ಕೇಳು, ಅದೇನು ಕೇಳ್ಬೇಕಿತ್ತೋ."

"ಆ ರೊಟ್ಟಿನ ನಿಮ್ಮನೆ ಗೋಡೆಗೆ ತೂಗುಹಾಕ್ತೀಯಾ?"

ಮನೆಯವರ ರೊಟ್ಟಿಯನ್ನಷ್ಟೇ ಮನೆಯ ಗೋಡೆಗೆ ಹಾಕುವುದು. ಬುರುಲ್ ರೊಟ್ಟಿಯನ್ನು ಅವನತ್ತ ಚಾಚಿದಳು. "ಬಂದಾಯ್ತಲ್ಲ, ತಿಂದು ಮುಗಿಸೋ."

ಅವನು ಬೇಡವೆಂದು ತಲೆಯಾಡಿಸಿದ. "ಬುರುಲ್, ಮುಂದಿನ ಗುಂಡಿಯಲ್ಲಿ ಇನ್ನೂ ಮೂವರಿದ್ದಾರೆ."

ರಸ್ತೆಯಾಚೆ ಅಲ್ಲೂ ತೆಳ್ಳಗೆ ಹಬೆ ಏಳುತ್ತಿತ್ತು. ಅವನು ಏಳಹೋದ. ಬುರುಲ್ ಅವನ ಭುಜ ಅದುಮಿ ಕೂರಿಸಿದಳು. ರೊಟ್ಟಿಯ ಇನ್ನೊಂದು ಅಂಚು ಕಚ್ಚಿ ಅವನ ಮಡಿಲಿಗಿಟ್ಟಳು.

"ನಮ್ಮನೆ ಗೋಡೆಗೇ ಹಾಕೋಣ. ಇಟ್ಕೊಂಡಿರು, ಬರ್ತೀನಿ," ಎಂದು ಓಡಿದಳು.