ಒಂದ್ಸಲ ಕಾರಲ್ಲಿ ಕೂತು ನೋಡಿ

ಅವಳು ವೈಪರ್ ಎತ್ತಿ ದಂಡದ ಚೀಟಿ ಸಿಕ್ಕಿಸುತ್ತಿದ್ದಳು. ಅಷ್ಟರಲ್ಲಿ ಕಾರಿನೊಳಗೆ ಯಾರೋ ಕೆಮ್ಮಿದರು.

ಬೆಚ್ಚಿ ಹಿಂದೆ ಸರಿದಳು. ಸೀಟು ಬಾಗಿಸಿಕೊಂಡು ಮಲಗಿದ್ದ ಯುವಕನೊಬ್ಬ ನಿಧಾನವಾಗಿ ಎದ್ದು ಕೂತ. ತಲೆಗೂದಲು ಒಂದು ಪಕ್ಕಕ್ಕೆ ಹಕ್ಕಿಗೂಡಿನ ಹಾಗೆ ನಿಂತಿತ್ತು. ಗಾಜಿನ ಆಚೆ ಅವನು, ಈಚೆ ಅವಳು, ನಡುವೆ ಚೀಟಿ.

ಅವನು ಗಾಜು ಇಳಿಸಿದ.

"ನಾನು ಒಳಗೇ ಇದ್ದೀನಲ್ಲ..."

"ನೀವು ಒಳಗಿದ್ರೂ ಹೊರಗಿದ್ರೂ ಕಾರಿಗೆ ಪರ್ಮಿಟ್ ಇಲ್ಲ."

"ಪರ್ಮಿಟ್ ತಗೊಳ್ಳೋಕೇ ಬಂದಿದ್ದು. ನಿಮ್ಮ ಪಾರ್ಕಿಂಗ್ ಆಫೀಸ್ ಇನ್ನೂ ಬಾಗಿಲು ತೆಗ್ದಿಲ್ಲ."

"ತೆಗೆಯೋ ತನಕ ಗೇಟಿನ ಆಚೆ ನಿಲ್ಲಿಸ್ಬೇಕು."

"ಗೇಟಿನ ಆಚೆ ನಿಲ್ಲಿಸಬಾರದು ಅಂತ ಬೋರ್ಡ್ ಇದೆ."

"ಅದು ನಮ್ಮ ಬೋರ್ಡ್ ಅಲ್ಲ."

ಅವನು ನಕ್ಕ. ಕೈ ಹೊರಗೆ ಚಾಚಿ ಚೀಟಿ ತೆಗೆದುಕೊಂಡು ಪೂರ್ತಿ ಓದಿದ. ದಂಡದ ಚೀಟಿಯನ್ನು ಯಾರೂ ಪೂರ್ತಿ ಓದುವುದಿಲ್ಲ. ಮೊತ್ತ ನೋಡುತ್ತಾರೆ, ಬೈಯುತ್ತಾರೆ, ಅಷ್ಟೇ.

"ಒಂದೂ ತಪ್ಪಿಲ್ಲ," ಅಂದ. "ಅಕ್ಷರ ತುಂಬಾ ಚೆನ್ನಾಗಿದೆ."

ಇವನಿಗೇನು ತಲೆ ಕೆಟ್ಟಿದೆಯಾ ಅಂದುಕೊಂಡು ಅವಳು ಮುಂದಿನ ಕಾರಿಗೆ ಹೋದಳು. ಕೆನ್ನೆ ಮಾತ್ರ ಯಾಕೋ ಬೆಚ್ಚಗಾಗಿತ್ತು.

ಆ ವಿಶ್ವವಿದ್ಯಾಲಯದ ಪಾರ್ಕಿಂಗ್ ವಿಭಾಗದಲ್ಲಿ ಅವಳ ಕೆಲಸವೆಂದರೆ ನಡೆಯುವುದು. ಒಂದು ಪಾರ್ಕಿಂಗಿನಿಂದ ಇನ್ನೊಂದಕ್ಕೆ ನಡೆದು, ಮುಂದಿನ ಗಾಜಿನ ಮೇಲೆ ಸ್ಟಿಕರ್ ಇದೆಯಾ, ಸಿಬ್ಬಂದಿಯ ಜಾಗದಲ್ಲಿ ವಿದ್ಯಾರ್ಥಿಗಳ ಕಾರು ನಿಂತಿದೆಯಾ ಅಂತ ನೋಡಿ ಚೀಟಿ ಬರೆಯುವುದು. ವಿದ್ಯಾರ್ಥಿಗಳ ಬಾಯಲ್ಲಿ ಅವಳು 'ಚೀಟಿ ಮೇಡಂ.' ಅವಳು ಬರುವುದು ಕಂಡರೆ ಸಾಕು, ಕ್ಯಾಂಟೀನಿನಿಂದ ಅರ್ಧ ಟೀ ಬಿಟ್ಟು ಓಡಿಬರುವವರಿದ್ದರು.

ಆ ಬೆಳಿಗ್ಗೆ ಸುತ್ತು ಮುಗಿಸಿ ಆಫೀಸಿಗೆ ಬಂದರೆ ಮೂಲೆಯ ಖಾಲಿ ಮೇಜಿನಲ್ಲಿ ಅದೇ ಹಕ್ಕಿಗೂಡು.

ಪರ್ಮಿಟ್ ಕೌಂಟರಿನ ಆಂಟಿ ಪರಿಚಯ ಮಾಡಿಸಿದರು. "ಹೊಸಬರು ನೋಡಮ್ಮ. ಇನ್ಮೇಲೆ ಅಪೀಲೆಲ್ಲಾ ಇವರೇ ನೋಡೋದು. ನೀನು ಬರೆದಿದ್ದು ಸರಿಯಿಲ್ಲ ಅಂತ ಯಾರಾದ್ರೂ ಅರ್ಜಿ ಕೊಟ್ರೆ, ರದ್ದು ಮಾಡೋ ಅಧಿಕಾರ ಇವರದ್ದು."

ಅವಳು ಕೈಲಿದ್ದ ಚೀಟಿ ಪುಸ್ತಕ ಮೇಜಿನ ಮೇಲಿಟ್ಟಳು.

"ನಿಮ್ಮ ಚೀಟಿ ನೀವೇ ರದ್ದು ಮಾಡ್ಕೊಂಡ್ರಾ?" ಅಂತ ಕೇಳಿಬಿಟ್ಟಳು.

"ದಂಡ ಕಟ್ಟಿದೆ. ಒಂದೂ ತಪ್ಪಿಲ್ಲ ಅಂದ್ನಲ್ಲ."

ಅವತ್ತಿನಿಂದ ಅವಳ ಮನಸ್ಸಿನಲ್ಲಿ ಅವನ ಹೆಸರು 'ಅಪೀಲು.'

ಸಂಜೆ ಅವಳು ಚೀಟಿಗಳ ಪ್ರತಿ ತಂದುಕೊಡುವುದು, ಅವನು ಒಂದೊಂದನ್ನೇ ತಿರುವಿ ಹಾಕುವುದು ಅಭ್ಯಾಸವಾಯಿತು.

"ಇದೇನು, ನೀರಿನ ಟ್ಯಾಂಕರಿಗೂ ಬರೆದಿದೀರಾ?"

"ಅಂಗವಿಕಲರ ಜಾಗದಲ್ಲಿ ನಿಲ್ಲಿಸಿದ್ದ. ನೀರು ತಂದ್ರೆ ದೇವರಾ?"

"ಇಲ್ಲ ಇಲ್ಲ. ನೀವು ದೇವರಿಗೂ ಬರೀತೀರ."

"ಸ್ಟಿಕರ್ ಇಲ್ದೆ ಬಂದ್ರೆ ಬರೀತೀನಿ."

ಅವನು ನಕ್ಕರೆ ಅವಳಿಗೆ ದಿನವೆಲ್ಲಾ ನಡೆದ ಕಾಲುನೋವು ಮರೆಯುತ್ತಿತ್ತು. ಸಂಜೆ ಆಫೀಸಿಗೆ ಹೋಗುವ ಮೊದಲು ಲೈಬ್ರರಿಯ ಗಾಜಿನ ಬಾಗಿಲಲ್ಲಿ ಕೂದಲು ಸರಿಮಾಡಿಕೊಳ್ಳುವುದು ಶುರುವಾಯಿತು. ಅವನ ಬೂದು ಬಣ್ಣದ ಹಳೆಯ ಕಾರಿನ ಪಕ್ಕ ಹಾದುಹೋಗುವಾಗ ಸ್ಟಿಕರ್ ನೋಡುವ ನೆಪದಲ್ಲಿ ಮುಂದಿನ ಸೀಟಿನ ಮೇಲೆ ಕಣ್ಣು ಹಾಯಿಸುತ್ತಿದ್ದಳು. ಅಲ್ಲಿ ಕೂತರೆ ಹೇಗಿರುತ್ತೆ...

ಛೇ, ಹುಚ್ಚು, ಅಂತ ತನ್ನನ್ನೇ ಬೈದುಕೊಂಡು ಮುಂದೆ ಹೋಗುತ್ತಿದ್ದಳು.

ಒಂದು ದಿನ ಕೌಂಟರ್ ಆಂಟಿ ಮೆಲ್ಲಗೆ ಕರೆದರು. "ನಿನ್ ಚೀಟಿಗಳು ಒಂದರ ಹಿಂದೆ ಒಂದು ರದ್ದಾಗ್ತಿವೆ, ಗೊತ್ತಾ? ಲೈಬ್ರರಿ ಹಿಂದಿನ ಪಾರ್ಕಿಂಗಿನವು. ಅಷ್ಟೂ."

ಲೈಬ್ರರಿ ಹಿಂದಿನ ಜಾಗ ಇಳಿಜಾರಿನ ಕೊನೆಯಲ್ಲಿತ್ತು. ಸಿಬ್ಬಂದಿಗೆ ಮಾತ್ರ ಅಂತ ದೊಡ್ಡ ಬೋರ್ಡ್ ಹಾಕಿದ್ದರು. ಅವಳು ಅತಿ ಹೆಚ್ಚು ಚೀಟಿ ಬರೆಯುತ್ತಿದ್ದುದೂ ಅಲ್ಲೇ.

ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹಿಂದೆ ಎರಡು ಕಡೆ ಖಾಯಂ ಆಗುವ ಹೊತ್ತಿಗೆ ಅವಳನ್ನು ಮನೆಗೆ ಕಳಿಸಿದ್ದರು. ಅಮ್ಮ ಈ ಸಲ ಯಾರಿಗೂ ಹೇಳಿಕೊಂಡಿರಲಿಲ್ಲ, "ಆದ್ಮೇಲೆ ಹೇಳೋಣ" ಅಂತ.

ನೇರ ಅವನ ಮೇಜಿಗೆ ಹೋದಳು.

"ನನ್ನ ಚೀಟೀಲಿ ಏನು ತಪ್ಪು?"

"ಚೀಟೀಲಿ ತಪ್ಪಿಲ್ಲ. ಅರ್ಜಿ ಕೊಟ್ಟವರೆಲ್ಲಾ ಒಂದೇ ಮಾತು ಹೇಳ್ತಿದಾರೆ, ಬೋರ್ಡ್ ಕಾಣ್ಲಿಲ್ಲ ಅಂತ."

"ಸುಳ್ಳು ಹೇಳೋರೆಲ್ಲಾ ಒಂದೇ ಮೇಷ್ಟ್ರ ಹತ್ರ ಟ್ಯೂಷನ್ ಹೋಗಿರ್ತಾರೆ. ನಾನು ದಿನಾ ಆ ಬೋರ್ಡಿನ ಕೆಳಗೇ ನಿಂತು ಬರೀತೀನಿ. ನನಗೆ ಕಾಣಲ್ವಾ?"

"ನಿಮಗೆ ಕಾಣುತ್ತೆ. ಆದ್ರೆ..." ಅವನು ತಡವರಿಸಿದ. ಪದ ಹುಡುಕಿದ. ಸಿಕ್ಕಿದ್ದು ಇದು: "ನೀವು ಒಂದ್ಸಲ ನನ್ನ ಕಾರಲ್ಲಿ ಬಂದು ಕೂತ್ಕೊಳ್ಳಿ. ಆಗ ಗೊತ್ತಾಗುತ್ತೆ."

ಪಕ್ಕದ ಮೇಜಿನವರು ಕಿಸಕ್ಕೆಂದರು. ಯಾರೋ ಸಣ್ಣಗೆ ಸೀಟಿ ಹೊಡೆದರು.

ಅವಳ ಮುಖಕ್ಕೆ ರಕ್ತ ನುಗ್ಗಿತು. ಯಾರಿಗೂ ಹೇಳದೆ ಒಳಗೇ ಬಚ್ಚಿಟ್ಟುಕೊಂಡಿದ್ದ ಆಸೆಯನ್ನು ನಾಲ್ಕು ಜನರೆದುರು ಎಳೆದು ಹಾಕಿದ ಹಾಗಾಯಿತು. ಅದೂ ಇಷ್ಟು ಅಗ್ಗವಾಗಿ...

"ನಿಮ್ಮ ಕಾರಲ್ಲಿ ಕೂರೋಕೆ ನಾನು ಕೆಲಸಕ್ಕೆ ಬಂದಿಲ್ಲ," ಅಂದಳು.

"ಅಯ್ಯೋ, ನಾನು ಹೇಳಿದ್ದು ಅದಲ್ಲ..."

ಅವಳು ಆಗಲೇ ಬಾಗಿಲು ದಾಟಿದ್ದಳು.

ಆಮೇಲೆ ಚೀಟಿಗಳ ಪ್ರತಿ ಆಂಟಿಯ ಕೈಯಿಂದ ಅವನ ಮೇಜಿಗೆ ಹೋಗತೊಡಗಿತು. ಅವನು ಕಾರಿಡಾರಿನಲ್ಲಿ ಎದುರಾದರೆ ಅವಳು ಗೋಡೆಯ ಮೇಲಿನ ಪಾರ್ಕಿಂಗ್ ನಕ್ಷೆ ಓದುತ್ತಾ ನಿಲ್ಲುತ್ತಿದ್ದಳು.

ಮನೆಯಲ್ಲಿ ಅಕ್ಕ ಬಿಡಲಿಲ್ಲ. "ಮುಖ ಯಾಕೆ ಹೀಗೆ? ಯಾರೇನಂದ್ರು?"

"ಆಫೀಸಿಗೆ ಬಂದಿರೋ ಹೊಸಬ, ಕಾರಲ್ಲಿ ಬಂದು ಕೂತ್ಕೊಳ್ಳಿ ಅಂದ."

"ಎಲ್ಲಿಗೆ ಹೋಗೋಕೆ?"

"ಎಲ್ಲಿಗೂ ಅನ್ಲಿಲ್ಲ. ಕೂತ್ಕೊಳ್ಳಿ, ಗೊತ್ತಾಗುತ್ತೆ ಅಂದ."

ಅಕ್ಕ ಬಟ್ಟೆ ಮಡಚುವುದನ್ನು ನಿಲ್ಲಿಸಿದಳು. "ಎಲ್ಲಿಗೂ ಅನ್ನದೆ ಸುಮ್ನೆ ಕೂತ್ಕೋ ಅನ್ನೋ ಗಂಡಸಿನ ವಿಷಯ ಇದೇ ಮೊದಲು ಕೇಳ್ತಿರೋದು ಕಣೇ. ಪೆಟ್ರೋಲ್ ಉಳಿಸೋ ಪ್ರೇಮಿನಾ?"

"ನಿನಗೆ ಎಲ್ಲಾ ತಮಾಷೆ."

"ತಮಾಷೆ ಅಲ್ಲ. ಪೂರ್ತಿ ಕೇಳಿಸ್ಕೊಂಡ್ಯಾ ಅಂತ ಕೇಳ್ತಿದೀನಿ."

ಅವಳು ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಪೂರ್ತಿ ಕೇಳಿಸಿಕೊಂಡಿರಲಿಲ್ಲ.

ಆ ವಾರ ಮ್ಯಾನೇಜರ್ ಕರೆಸಿದರು.

"ಖಾಯಂ ಮಾಡೋರ ಪಟ್ಟಿ ಮೇಲಕ್ಕೆ ಹೋಗ್ಬೇಕು ಕಣಮ್ಮ. ನಿನ್ ಚೀಟಿ ಇಷ್ಟೊಂದು ರದ್ದಾಗಿದ್ರೆ ನಾನು ಏನಂತ ಶಿಫಾರಸು ಮಾಡ್ಲಿ?" ಆಮೇಲೆ ಕುರ್ಚಿ ಮುಂದೆಳೆದು ದನಿ ಇಳಿಸಿದರು. "ನೋಡು, ಒಂದು ದಾರಿ ಇದೆ. ಸೋಮವಾರ ಮೀಟಿಂಗಿನಲ್ಲಿ ಬೋರ್ಡ್ ಚೆನ್ನಾಗಿ ಕಾಣುತ್ತೆ ಅಂತ ನೀನು ಹೇಳ್ಬಿಡು. ಆ ಬೋರ್ಡ್ ನಾನೇ ಮುಂದೆ ನಿಂತು ಹಾಕ್ಸಿದ್ದು. ರದ್ದು ಮಾಡಿದ್ದೇ ತಪ್ಪು ಅಂತಾದ್ರೆ ಅದು ಅವನ ತಲೆ ಮೇಲೆ ಹೋಗುತ್ತೆ. ನಿನ್ನದು ಖಾಯಂ."

"ಅವರ ಕೆಲಸ?"

"ಅವನಿನ್ನೂ ಹೊಸಬ. ಅಪೀಲ್ ಕೆಲಸಕ್ಕೆ ಅವನು ಸರಿಯಿಲ್ಲ ಅಂತಾದ್ರೆ ಮನೆಗೆ ಕಳಿಸ್ತೀವಿ."

ಹೇಳುವುದು ಸುಳ್ಳೇನಲ್ಲವಲ್ಲ. ಬೋರ್ಡ್ ಕಾಣುತ್ತೆ. ಅವಳೇ ದಿನಾ ನೋಡಿದ್ದಾಳೆ. ಅಷ್ಟು ಹೇಳಿದರೆ ಅಮ್ಮ ಬೀದಿಗೆಲ್ಲಾ ಹೇಳಿಕೊಂಡು ಬರಬಹುದು.

ಹೇಳ್ತೀನಿ ಅಂತ ತಲೆಯಾಡಿಸಿ ಬಂದಳು.

ಮರುದಿನ ಲೈಬ್ರರಿಯ ಹಿಂದೆ ಚೀಟಿ ಬರೆಯುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಪುಸ್ತಕ ಎದೆಗವಚಿಕೊಂಡು ಓಡಿಬಂದಳು.

"ಅಕ್ಕಾ, ಬರೀಬೇಡಿ. ಇಲ್ಲಿ ಬೋರ್ಡೇ ಇರ್ಲಿಲ್ಲ."

ಅವಳು ಪೆನ್ನಿನ ತುದಿಯಿಂದ ತಲೆಯ ಮೇಲೆ ತೋರಿಸಿದಳು. ಕಂಬದ ತುದಿಯಲ್ಲಿ ಬೋರ್ಡ್ ಹೊಳೆಯುತ್ತಿತ್ತು.

ಹುಡುಗಿ ಬಾಯಿ ತೆರೆದು ನೋಡಿದಳು. "ಅಷ್ಟು ಮೇಲಾ? ನಾವೇನು ಆಕಾಶ ನೋಡ್ಕೊಂಡು ಗಾಡಿ ಓಡಿಸ್ತೀವಾ?"

"ನನಗೆ ದಿನಾ ಕಾಣುತ್ತೆ."

"ನೀವು ನಡ್ಕೊಂಡು ಬರ್ತೀರಕ್ಕ. ನಾವು ಕೂತ್ಕೊಂಡು ಬರ್ತೀವಿ. ನೀವೇ ಒಂದ್ಸಲ ಕಾರಲ್ಲಿ ಕೂತು ನೋಡಿ, ಗೊತ್ತಾಗುತ್ತೆ."

ಅವಳ ಪೆನ್ನು ನಿಂತಿತು.

ಒಂದ್ಸಲ ಕಾರಲ್ಲಿ ಕೂತು... ಗೊತ್ತಾಗುತ್ತೆ...

"ಬಾಗಿಲು ತೆಗಿ," ಅಂದಳು.

ಹುಡುಗಿಗೇ ಗಾಬರಿಯಾಯಿತು. ಚೀಟಿ ಮೇಡಂ ಕಾರು ಹತ್ತಿದ್ದನ್ನು ಆ ಕ್ಯಾಂಪಸ್ಸಿನಲ್ಲಿ ಯಾರೂ ಕಂಡಿರಲಿಲ್ಲ. ಇಬ್ಬರೂ ಮೇಲಿನ ರಸ್ತೆಗೆ ಹೋಗಿ, ತಿರುವು ತೆಗೆದುಕೊಂಡು, ಇಳಿಜಾರಿನಲ್ಲಿ ಮತ್ತೆ ಕೆಳಗೆ ಬಂದರು.

ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ತಿರುವಿನಲ್ಲಿ ಲೈಬ್ರರಿಯ ಗೋಡೆ ಅಡ್ಡ. ಗೋಡೆ ಮುಗಿಯುವಷ್ಟರಲ್ಲಿ ಕಂಬ ಎದುರಿಗೇ. ಕಾರಿನ ಮೂತಿ ಕೆಳಗೆ ಬಾಗಿತ್ತು. ಗಾಜಿನಲ್ಲಿ ಕಂಬದ ಬುಡ ಕಂಡಿತು, ನಡು ಕಂಡಿತು. ಬೋರ್ಡ್ ಕಾರಿನ ಛಾವಣಿಯ ಮೇಲೆಲ್ಲೋ ಉಳಿದುಹೋಯಿತು.

"ಇನ್ನೊಂದ್ಸಲ," ಅಂದಳು.

ಇನ್ನೊಂದು ಸಲವೂ ಕಾಣಲಿಲ್ಲ.

ದಿನಾ ಆ ಕಂಬದ ಕೆಳಗೆ ನಿಂತು ಎಷ್ಟು ಜನರನ್ನು ಸುಳ್ಳರು ಅಂದಿದ್ದಳು... ಸುಳ್ಳು ಹೇಳದ ಒಬ್ಬನನ್ನು ನಾಲ್ಕು ಜನರೆದುರು ಏನೆಂದುಬಿಟ್ಟಿದ್ದಳು...

"ಅಕ್ಕಾ, ಚೀಟಿ?" ಹುಡುಗಿ ಮೆಲ್ಲಗೆ ಕೇಳಿದಳು.

"ಬರೆಯಲ್ಲ. ಕಾರು ಆ ಕಡೆ ಹಾಕು."

ಸೋಮವಾರ ಮೀಟಿಂಗಿಗೆ ಕುರ್ಚಿ ಸಾಲದೆ ಇಬ್ಬರು ಫೈಲ್ ಬೀರುವಿಗೆ ಒರಗಿ ನಿಂತಿದ್ದರು. ಮೊದಲು ಅವನೇ ಮಾತಾಡಿದ.

"ಸಾರ್, ಅವರು ಬರೆದ ಚೀಟಿ ನಿಯಮದ ಪ್ರಕಾರ ಸರಿ. ಅವರ ತಪ್ಪೇನೂ ಇಲ್ಲ. ಬೋರ್ಡ್ ಎತ್ತರ ಜಾಸ್ತಿ ಅಂತ ನಾನು ನಿಮಗೆ ಮೊದಲೇ ಹೇಳಿದ್ದೆ. ರದ್ದು ಮಾಡಿದ್ದಕ್ಕೆ ಜವಾಬ್ದಾರಿ ನನ್ನದು. ಅವರ ಖಾಯಮಾತಿಗೆ ಅದನ್ನ ಗಂಟು ಹಾಕ್ಬೇಡಿ."

ಅವಳು ತಲೆ ತಗ್ಗಿಸಿದಳು. ತನ್ನ ಕಡೆ ಒಂದು ಸಲವೂ ನೋಡದೆ ತನ್ನ ಪರ ಮಾತಾಡುತ್ತಿದ್ದಾನೆ.

"ಎತ್ತರ ಇದ್ರೆ ತಾನೇ ಕಾಣೋದು?" ಮ್ಯಾನೇಜರ್ ಅವಳ ಕಡೆ ತಿರುಗಿದರು. "ಏನಮ್ಮಾ, ದಿನಾ ಅಲ್ಲೇ ಇರೋಳು ನೀನು. ಹೇಳು. ಬೋರ್ಡ್ ಕಾಣುತ್ತೋ ಇಲ್ವೋ?"

ಹೇಳಬೇಕಿದ್ದದ್ದು ಇಷ್ಟೇ: ಕಾಣುತ್ತೆ ಸಾರ್. ಎರಡೇ ಮಾತು.

"ನಡ್ಕೊಂಡು ಬಂದ್ರೆ ಕಾಣುತ್ತೆ ಸಾರ್," ಅಂದಳು. "ಗಾಡೀಲಿ ಬಂದ್ರೆ ಕಾಣಲ್ಲ. ನಾನು ಬರೆದಿದ್ದೆಲ್ಲಾ ರದ್ದಾಗ್ಬೇಕಾದ ಚೀಟಿಗಳೇ."

ಅವನು ಮೊದಲ ಸಲ ಅವಳ ಕಡೆ ನೋಡಿದ.

"ಏನು ಮಾತಾಡ್ತಿದೀಯಾ ಅಂತ ಗೊತ್ತಾ ನಿನಗೆ?" ಅಂದರು ಮ್ಯಾನೇಜರ್.

"ಗೊತ್ತು ಸಾರ್. ನೀವು ಒಂದ್ಸಲ ಇವರ ಕಾರಲ್ಲಿ ಬಂದು ಕೂತ್ಕೊಳ್ಳಿ. ಆಗ ಗೊತ್ತಾಗುತ್ತೆ."

ಈ ಸಲ ಯಾರೂ ನಗಲಿಲ್ಲ. ಕೌಂಟರ್ ಆಂಟಿಯ ತುಟಿ ಮಾತ್ರ ಒಂಚೂರು ಅಲುಗಿತು.

ಮ್ಯಾನೇಜರ್ ಗೊಣಗುತ್ತಲೇ ಹೊರಟರು. ಸ್ಟೀರಿಂಗ್ ಅವರೇ ಹಿಡಿದರು. ಮಿಕ್ಕವರು ಕಂಬದ ಹತ್ತಿರ ಕಾದರು. ಬೂದು ಕಾರು ತಿರುವಿನಲ್ಲಿ ಬಂತು, ಇಳಿಯಿತು, ಬೋರ್ಡಿನ ಅಡಿಯಲ್ಲೇ ಹಾದು ನಿಂತಿತು. ಹಿಂದೆ ಹೋಯಿತು. ಮತ್ತೆ ಬಂತು. ಮ್ಯಾನೇಜರ್ ಇಳಿದು, ಸೊಂಟದ ಮೇಲೆ ಕೈ ಇಟ್ಟು ಕತ್ತೆತ್ತಿ ನೋಡಿದರು.

"ಯಾವನಯ್ಯಾ ಇದನ್ನ ಇಷ್ಟೆತ್ತರಕ್ಕೆ ಹಾಕಿದ್ದು?"

ಆಂಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಸ್ವಲ್ಪ ಹೊತ್ತಿಗೆ ಮ್ಯಾನೇಜರಿಗೂ ನೆನಪಾಗಿರಬೇಕು. ಕೆಮ್ಮಿದರು. "ಸರಿ, ಕೆಳಗಿಳಿಸೋಣ. ನಿನ್ ಹೆಸರು ಪಟ್ಟೀಲಿ ಹಾಕ್ತೀನಮ್ಮ. ಬೇರೆ ಯಾವಳಾದ್ರೂ ಆಗಿದ್ರೆ ಕಾಣುತ್ತೆ ಸಾರ್ ಅಂದು ಸುಮ್ನಾಗ್ತಿದ್ಲು. ಹೋಗು, ಕೆಲಸ ನೋಡು."

ಸಂಜೆ ಅವಳು ಚೀಟಿಗಳ ಪ್ರತಿಯನ್ನು ತಾನೇ ತೆಗೆದುಕೊಂಡು ಹೋದಳು. ಅವನ ಮೇಜು ಖಾಲಿಯಿತ್ತು. ಲೈಬ್ರರಿಯ ಹಿಂದೆ ಹುಡುಕಿದರೆ, ಕಂಬದ ಕೆಳಗೆ ಟೇಪ್ ಹಿಡಿದು ಬೋರ್ಡ್ ಎಲ್ಲಿಗೆ ಇಳಿಸಬೇಕೆಂದು ಗುರುತು ಹಾಕುತ್ತಿದ್ದ.

"ಅವತ್ತು ನಾನು..." ಇಬ್ಬರೂ ಒಟ್ಟಿಗೇ ಶುರುಮಾಡಿ ಒಟ್ಟಿಗೇ ನಿಲ್ಲಿಸಿದರು.

"ನೀವು ಹೇಳಿ," ಅಂದ.

"ನಾನು ಪೂರ್ತಿ ಕೇಳಿಸ್ಕೊಳ್ಳಲಿಲ್ಲ. ತಪ್ಪಾಯ್ತು. ಆದ್ರೂ ನಾಲ್ಕು ಜನರ ಮುಂದೆ ಹಾಗೆ ಹೇಳೋದಾ?"

ಅವನು ಟೇಪ್ ಸುತ್ತಿದ. ಬಿಚ್ಚಿದ. ಮತ್ತೆ ಸುತ್ತಿದ.

"ನೀವೊಬ್ರೇ ಇದ್ದಿದ್ರೆ ಬೋರ್ಡಿನ ವಿಷಯ ಹೇಳ್ತಾನೇ ಇರ್ಲಿಲ್ಲ. ಬೇರೆ ಏನೋ ಹೇಳ್ಬಿಡ್ತಿದ್ದೆ."

"ಬೇರೆ ಏನು?"

"ಚೀಟಿ ಹಾಕಿಸ್ಕೊಂಡ ದಿನದಿಂದ ನಾನು ಬೇಗ ಬರೋದು ಆಫೀಸಿಗಲ್ಲ ಅಂತ. ಬೆಳಿಗ್ಗೆ ನೀವು ಸುತ್ತು ಹೊರಡೋದನ್ನ ನೋಡೋಕೆ ಅಂತ."

ಅವಳು ಅಲ್ಲೇ ನಿಂತಿದ್ದ ಬೂದು ಕಾರಿನ ಹತ್ತಿರ ಹೋದಳು. ಅಭ್ಯಾಸಬಲದಿಂದ ಮೊದಲು ಸ್ಟಿಕರ್ ನೋಡಿದಳು, ಸರಿಯಾಗಿತ್ತು. ಮುಂದಿನ ಬಾಗಿಲು ತೆಗೆದು ಕೂತಳು.

ಸೀಟು ಅವಳು ಅಂದುಕೊಂಡಷ್ಟು ಮೆತ್ತಗಿರಲಿಲ್ಲ. ಪರವಾಗಿಲ್ಲ ಅನ್ನಿಸಿತು.

ಅವನು ಬಂದು ಸ್ಟೀರಿಂಗ್ ಹಿಂದೆ ಕೂತ. ಕೈ ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಕನ್ನಡಿ ಸರಿಮಾಡಿದ.

"ಇಲ್ಲಿಂದ ಬೋರ್ಡ್ ಕಾಣುತ್ತಾ?"

"ನಾನು ಬೋರ್ಡ್ ನೋಡ್ತಿಲ್ಲ," ಅಂದಳು. ಆಮೇಲೆ ನಗು ತಡೆದುಕೊಂಡು, "ಅವತ್ತು ಕೂತ್ಕೊಳ್ಳಿ ಅಂದ್ರಿ, ಎಲ್ಲಿಗೆ ಅಂತ ಹೇಳ್ಲೇ ಇಲ್ಲ. ನಮ್ಮಕ್ಕ ಕೇಳ್ತಿದ್ಲು."

"ಮೊದಲು ನಿಮ್ಮನೆಗೆ. ಕೆಲಸ ಖಾಯಂ ಅಂತ ಅಮ್ಮನಿಗೆ ಹೇಳ್ಬೇಕಲ್ಲ."

"ಅಷ್ಟೇನಾ?"

"ನನ್ನದೊಂದು ಅಪೀಲೂ ಇದೆ."

"ಅಲ್ಲಿ ಅಪೀಲ್ ನೋಡೋದು ನಮ್ಮಕ್ಕ. ತುಂಬಾ ಸ್ಟ್ರಿಕ್ಟು."

"ನೀವು ಸ್ವಲ್ಪ ಶಿಫಾರಸು ಮಾಡಲ್ವಾ?"

ಅವಳು ಕಿಟಕಿಯ ಕಡೆ ತಿರುಗಿದಳು. ಕಂಬ, ಗೋಡೆ, ಇಳಿಜಾರು, ದಿನಾ ನಡೆದ ಜಾಗವೇ. ಕೂತು ನೋಡಿದರೆ ಬೇರೆಯದೇ ಆಗಿ ಕಾಣುತ್ತಿತ್ತು.

"ಮಾಡ್ತೀನಿ," ಅಂದಳು. "ನಮ್ಮನೆ ಮುಂದೆ ಗೇಟಿಗೆ ಅಡ್ಡ ನಿಲ್ಲಿಸ್ಬೇಡಿ. ನಿಲ್ಲಿಸಿದ್ರೆ ಚೀಟಿ ಹಾಕ್ತೀನಿ."