ತುಳಿಯುವ ಯಂತ್ರದ ಕೊನೆಯ ಹಲ್ಲು

ಟಕ್... ಕಿರ್‌ರ್... ಟಕ್.

ಟುವ್ವಿ ಹೊದಿಕೆ ಸರಿಸಿ ಕಿವಿಗೊಟ್ಟಳು. ಸದ್ದು ಕೆಳಗಿನಿಂದ, ಚಿಕ್ಕಪ್ಪನ ಹಲ್ಲಿನ ಕ್ಲಿನಿಕ್ಕಿನಿಂದ ಬರುತ್ತಿತ್ತು. ಗಂಟೆ ಹನ್ನೆರಡು ದಾಟಿತ್ತು.

ಅವಳಿಗೆ ಹೇಗೂ ನಿದ್ದೆ ಬಂದಿರಲಿಲ್ಲ. ಮಧ್ಯಾಹ್ನ ಲಂಚ್ ಬ್ರೇಕಿನಲ್ಲಿ ಅವಳ ದವಡೆಯ ಹಾಲುಹಲ್ಲು ಬಿದ್ದಿತ್ತು. ತೋರಿಸೋಣವೆಂದರೆ ಪಕ್ಕದಲ್ಲಿ ಯಾರೂ ಇಲ್ಲ. ಹೊಸ ಶಾಲೆಗೆ ಸೇರಿ ಮೂರು ತಿಂಗಳಾದರೂ ಅವಳ ಬೆಂಚು ಅರ್ಧ ಖಾಲಿ. ಮನೆಗೆ ಬಂದರೆ ಚಿಕ್ಕಪ್ಪನ ಸುತ್ತ ಪೇಷೆಂಟುಗಳು. ಅಮ್ಮನಿಗೆ ಬೇರೆ ಊರಿನಲ್ಲಿ ಕೆಲಸ. ಅಮ್ಮನ ಫೋನ್ ಬರುವುದು ಭಾನುವಾರ ಮಾತ್ರ. ಹಲ್ಲನ್ನು ಬೆಂಕಿಪೊಟ್ಟಣಕ್ಕೆ ಹಾಕಿ, ಅದನ್ನು ಕೈಯಲ್ಲಿ ಹಿಡಿದೇ ಮಲಗಿದ್ದಳು.

ಟುವ್ವಿ ಮೆಲ್ಲನೆ ಮೆಟ್ಟಿಲಿಳಿದಳು.

ಕ್ಲಿನಿಕ್ಕಿನ ಮೂಲೆಯಲ್ಲಿ ತಾತ ಸ್ಟೂಲಿನ ಮೇಲೆ ಕೂತು ಹಳೆಯ ಯಂತ್ರವನ್ನು ತುಳಿಯುತ್ತಿದ್ದರು. ಅದು ಕರೆಂಟ್ ಇಲ್ಲದ ಕಾಲದಲ್ಲಿ, ಹಲ್ಲಿನ ಡಾಕ್ಟರಾಗಿದ್ದ ತಾತ ಹಲ್ಲು ಕೊರೆಯುತ್ತಿದ್ದ ಯಂತ್ರ. ಹೊಲಿಗೆ ಮೆಷಿನ್ನಿನ ಹಾಗೆ ಕಾಲಿನಿಂದ ತುಳಿದರೆ ದೊಡ್ಡ ಚಕ್ರ ತಿರುಗುತ್ತದೆ. ಚಕ್ರದಿಂದ ಹೊರಟ ಹುರಿ ಸೂಜಿಯಂಥ ಮೊನೆಯನ್ನು ತಿರುಗಿಸುತ್ತದೆ. ಬೆಳಗಾದರೆ ಮ್ಯೂಸಿಯಮ್ಮಿನವರು ಅದನ್ನು ಒಯ್ಯುವವರಿದ್ದರು.

ಹೋದ ತಿಂಗಳು ತಾತ ಕ್ಲಿನಿಕ್ಕಿನ ಉಪಕರಣ ಮುಟ್ಟಿ ಬೆರಳು ಕುಯ್ದುಕೊಂಡಾಗ ಚಿಕ್ಕಪ್ಪ ರೇಗಿದ್ದರು. "ನಿಮ್ಮ ಕೈ ನಡುಗುತ್ತೆ ಅಪ್ಪಾ. ಇನ್ನೊಂದ್ಸಲ ಏನಾದ್ರೂ ಮುಟ್ಟಿದ್ರೆ ನಿಮ್ಮನ್ನ ಕ್ಲಿನಿಕ್ಕಿನೊಳಗೇ ಬಿಡಲ್ಲ." ತಾತ ಹಗಲಿಡೀ ಕೂರುತ್ತಿದ್ದುದು ಕ್ಲಿನಿಕ್ಕಿನಲ್ಲೇ. ಅವರಿಗೆ ಬೇರೆ ಜಾಗವೇ ಇರಲಿಲ್ಲ.

"ಯಾರದು?" ತಾತ ಬೆಚ್ಚಿದರು.

"ನಾನು, ಟುವ್ವಿ."

"ಅಬ್ಬಾ, ನೀನಾ! ಇವನಿಗೆ ಎಣ್ಣೆ ಹಾಕ್ತಿದ್ದೆ. ಮ್ಯೂಸಿಯಮ್ಮಲ್ಲಿ ನಾಲ್ಕು ಜನರ ಎದುರು ಕಿರುಗುಟ್ಟಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಇದು ಈಗ್ಲೂ ಕೊರೆಯುತ್ತಾ ತಾತ?"

"ಕೊರೆಯದೆ ಏನು? ಹಲ್ಲು ಬೇಕಲ್ಲ! ನನ್ನವೆಲ್ಲ ಲೋಟದಲ್ಲಿ ಮಲಗಿವೆ."

ಟುವ್ವಿ ಬೆಂಕಿಪೊಟ್ಟಣ ತೆರೆದಳು. ತಾತ ಕನ್ನಡಕ ಏರಿಸಿಕೊಂಡು ಬಗ್ಗಿದರು.

"ಅರೆ! ಯಾವಾಗ ಬಿತ್ತು?"

"ಮಧ್ಯಾಹ್ನ."

"ಯಾರಿಗೂ ಹೇಳ್ಲಿಲ್ವಾ?"

ಟುವ್ವಿ ಇಲ್ಲವೆಂದು ತಲೆಯಾಡಿಸಿದಳು. ತಾತ ಹಲ್ಲನ್ನು ತಿರುಗಿಸಿ ನೋಡಿದರು.

"ಹುಳುಕಾಗಿದೆ, ಚಾಕೊಲೇಟ್ ಕಳ್ಳಿ! ಬಾ, ಕ್ಲೀನ್ ಮಾಡೋಣ. ನೀನು ತುಳಿ. ಮುಂಚೆ ನಿಮ್ಮಜ್ಜಿ ತುಳೀತಿದ್ಲು."

ತಾತ ಹಲ್ಲನ್ನು ಪುಟ್ಟ ಇಕ್ಕಳಕ್ಕೆ ಸಿಕ್ಕಿಸಿದರು. ಟುವ್ವಿ ತುಳಿದಳು. ಚಕ್ರ ತಿರುಗಿತು. ಮೊನೆ ಹಿಡಿದ ತಾತನ ಕೈ ಗಡಗಡ ನಡುಗುತ್ತಿತ್ತು. ಅದನ್ನು ನೋಡಿ ಟುವ್ವಿಗೆ ಅಯ್ಯೋ ಎನಿಸಿತು. ಅವಳ ಕಾಲು ತಾನಾಗಿಯೇ ನಿಧಾನವಾಯಿತು.

ಕಟ್! ಮೊನೆ ಸಿಕ್ಕಿಕೊಂಡಿತು. ಹಲ್ಲು ಹಾರಿ ಸ್ಟೀಲ್ ಟ್ರೇಯೊಳಗೆ ಟಣ್ ಎಂದು ಬಿತ್ತು.

"ಯಾಕೆ ನಿಧಾನ ಮಾಡ್ದೆ?"

"ನಿಮ್ಮ ಕೈ..." ಎಂದಳು ಟುವ್ವಿ.

ತಾತನಿಗೆ ನಗು ಬಂತು. "ನಿಮ್ಮಜ್ಜಿನೂ ಮೊದಲ ದಿನ ಹೀಗೇ ಮಾಡಿದ್ಲು. ಪೇಷೆಂಟ್ ಮುಖ ನೋಡಿ, ಪಾಪ ಅಂತ ಕಾಲು ನಿಧಾನ ಮಾಡಿದ್ಲು. ಎದ್ದು ಓಡಿದ ನೋಡು ಆ ಮನುಷ್ಯ, ಮತ್ತೆ ಈ ಬೀದಿಗೇ ಬರ್ಲಿಲ್ಲ! ನಿಧಾನ ಆದ್ರೆ ಮೊನೆ ಎಳೆಯುತ್ತೆ, ನೋವು ಜಾಸ್ತಿ. ನನ್ನ ಕೈ ನೋಡ್ಬೇಡ. ಚಕ್ರ ನೋಡು. ಒಂದೇ ಸಮ ತುಳಿ."

ಈ ಸಲ ತಾತ ಹಲ್ಲನ್ನು ಮತ್ತೆ ಸಿಕ್ಕಿಸಿ, ಕೈ ಅಲುಗದಂತೆ ಉಂಗುರದ ಬೆರಳನ್ನು ಇಕ್ಕಳದ ಮೇಲೆ ಒತ್ತಿ ಊರಿದರು. ಟುವ್ವಿ ಚಕ್ರವನ್ನೇ ನೋಡಿದಳು. ಉಗುರು ಸುಟ್ಟಂಥ ವಾಸನೆ ಬಂತು. ಬಿಳಿ ಪುಡಿ ಉದುರಿತು.

"ಸಾಕು."

ಹಲ್ಲಿನಲ್ಲಿ ಸಾಸಿವೆಯಷ್ಟು ತೂತು. ಒಂದು ಕಡೆ ಸ್ವಲ್ಪ ಸೊಟ್ಟ, ಆದರೆ ಒಳಗೆಲ್ಲ ಬೆಳ್ಳಗೆ.

"ನೋವಾಯ್ತಾ?" ತಾತ ಕೇಳಿದರು.

"ಸ್ವಲ್ಪಾನೂ ಇಲ್ಲ ಡಾಕ್ಟ್ರೇ."

ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಬೆಳಿಗ್ಗೆ ಮ್ಯೂಸಿಯಮ್ಮಿನ ಮೇಡಂ ಬಂದರು. "ಮೂವತ್ತು ವರ್ಷದಿಂದ ಇದನ್ನ ಯಾರೂ ಮುಟ್ಟಿಲ್ಲ" ಎಂದರು ಚಿಕ್ಕಪ್ಪ.

ಮೇಡಂ ಚಕ್ರ ಮುಟ್ಟಿದರು. ಅದು ಸದ್ದಿಲ್ಲದೆ ತಿರುಗಿತು. ಅವರ ಬೆರಳಿಗೆ ಎಣ್ಣೆ, ಬಿಳಿ ಪುಡಿ ಅಂಟಿತು. "ನಿನ್ನೆ ತಾನೆ ಕೆಲಸ ಮಾಡಿದ ಹಾಗಿದೆಯಲ್ಲ!"

ಚಿಕ್ಕಪ್ಪನ ಹುಬ್ಬು ಗಂಟಿಕ್ಕಿತು. ತಾತ ಕಿಟಕಿಯ ಕಡೆ ನೋಡುತ್ತಿದ್ದರು. ಅವರ ಉಂಗುರದ ಬೆರಳು ಕುರ್ಚಿಯ ಕೈಯನ್ನು ಒತ್ತಿ ಹಿಡಿದಿತ್ತು.

"ಟುವ್ವಿ, ರಾತ್ರಿ ಏನೋ ಸದ್ದಾಯ್ತಲ್ಲ. ನಿಂಗೇನಾದ್ರೂ ಗೊತ್ತಾ?" ಚಿಕ್ಕಪ್ಪ ಕೇಳಿದರು.

"ಚಿಕ್ಕಪ್ಪಾ, ನನ್ನ ಹಲ್ಲು ಬಿತ್ತು!" ಟುವ್ವಿ ಬಾಯಿ ಅಗಲ ತೆರೆದಳು.

"ಹೌದಾ? ಎಲ್ಲಿ, ಬೆಳಕಿಗೆ ಬಾ." ಚಿಕ್ಕಪ್ಪ ಟಾರ್ಚ್ ತಂದು ಇಣುಕಿದರು. "ಹೊಸದು ಆಗ್ಲೇ ಮೊಳೀತಿದೆ. ವೆರಿ ಗುಡ್." ಕೇಳಿದ ಪ್ರಶ್ನೆ ಅವರಿಗೆ ಮರೆತೇ ಹೋಯಿತು.

ಕೂಲಿಯವರು ಯಂತ್ರ ಎತ್ತಿದರು. ತಾತನ ಮುಖ ನೋಡಿ, ಪಾಪವೆನಿಸಿ ಬಾಗಿಲ ಬಳಿ ತಡೆದು ನಿಂತರು. ಟುವ್ವಿ ಓಡಿಹೋಗಿ ಬಾಗಿಲಿನ ಎರಡೂ ಕದಗಳನ್ನು ಒಮ್ಮೆಗೇ ತೆರೆದಳು. ತಾತನ ಕಡೆ ತಿರುಗಲಿಲ್ಲ. ಚಕ್ರವನ್ನೇ ನೋಡುತ್ತ ನಿಂತಳು, ಅದು ವ್ಯಾನಿನೊಳಗೆ ಮರೆಯಾಗುವವರೆಗೆ.

ಜೇಬಿನಲ್ಲಿ ಬೆಂಕಿಪೊಟ್ಟಣ ಗಿಲಕಿಯಂತೆ ಸದ್ದು ಮಾಡಿತು. ಅವಳು ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಭಾನುವಾರ ಅಮ್ಮನಿಗೆ ಹಲ್ಲು ಬಿದ್ದದ್ದನ್ನು ಹೇಳುವುದು. ಅದರಲ್ಲಿರುವ ತೂತಿನ ವಿಷಯ ಅಮ್ಮನಿಗೂ ಬೇಡ, ಯಾರಿಗೂ ಬೇಡ.