ಬ್ರೇಕಿನಲ್ಲಿ ಸೇರಿದ ಗಾಳಿ

“ಗಾಡಿ ಸಂತೋಷವಾಗಿ ತಗೊಂಡು ಹೋಗಿ. ಆದರೆ ಅದರ ಹತ್ತಿರ ನಿಂತು ಯಾರಿಗೂ ‘ಹಿಡಿ’ ಅನ್ನಬೇಡಿ.”

ಮಾರುತ್ತಿದ್ದ ಮುದುಕಿ ಒಳಕೋಣೆಯಲ್ಲಿ ಕೂತು, ಅಂಗಳದಲ್ಲಿ ನಿಂತಿದ್ದ ಗಾಡಿಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ ಹೇಳಿದಳು. ಅವಳ ಹಿರಿಯ ಮಗ ಜಪಾನಿನಿಂದ ಹಡಗಿನಲ್ಲಿ ತರಿಸಿದ ಸ್ಪೋರ್ಟ್ಸ್ ಕಾರು ಅದು. ಕಿರಿಯವನು ಹೇಳದೆ ಕೇಳದೆ ಓಡಿಸಿಕೊಂಡು ಹೋಗುತ್ತಾನೆಂದು ಹಿರಿಯವನಿಗೆ ಹೊಟ್ಟೆಯುರಿ. ಮಂತ್ರವಾದಿಯನ್ನು ಕರೆಸಿ ಗಾಡಿಗೆ ಮಾಟ ಮಾಡಿಸಿದ. ‘ಹಿಡಿ’ ಅಂದರೆ ಒಳಗೆ ಕೂತವರನ್ನು ಹಿಡಿಯಬೇಕು. ಹಾಗೆ ಅಂದವನೇ ‘ಬಿಡು’ ಅನ್ನುವವರೆಗೆ ಬಿಡಬಾರದು.

“ಒಂದಿನ ತಮ್ಮನನ್ನೇ ಹಿಡಿಸಿದ. ಬಿಡು ಅನ್ನೋಷ್ಟರಲ್ಲಿ ಹೊತ್ತು ಮೀರಿತ್ತು,” ಎಂದಳು ಮುದುಕಿ. “ಈಗ ಅವನೂ ಇಲ್ಲ, ಇವನೂ ಇಲ್ಲ.”

ಕೊಳ್ಳಲು ಬಂದವನಿಗೆ ನಗು ತಡೆಯಲಾಗಲಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮೇಷ್ಟ್ರು. ರಜೆ ಸಿಕ್ಕರೆ ಸಾಕು, ಗಾಡಿಯಡಿ ನುಸುಳುವ ಆಸಾಮಿ. ಗೆಳೆಯರೆಲ್ಲ ಅವನನ್ನು ಬೋಲ್ಟು ಎಂದೇ ಕರೆಯುತ್ತಿದ್ದರು. ಮದುವೆಯಾದರೆ ಹುಚ್ಚು ಬಿಡುತ್ತದೆ ಅನ್ನುತ್ತಾರಲ್ಲ, ಇವನದು ಮದುವೆಯಾದ ಮೇಲೆ ಇನ್ನಷ್ಟು ಕೆರಳಿತ್ತು.

“ಗಾಳಿ ಗೀಳಿ ಎಲ್ಲ ಇರೋದು ಬ್ರೇಕ್ ಪೈಪಿನಲ್ಲಿ, ಅಜ್ಜಿ. ಅದನ್ನ ಬಿಡಿಸೋಕೆ ಮಂತ್ರ ಬೇಡ, ನಟ್ಟು ತಿರುಗಿಸೋ ಒಂದು ಪಾನಾ ಸಾಕು,” ಎಂದು ಬೀಗದಕೈ ಇಸಿದುಕೊಂಡ.

ಜೊತೆಗಿದ್ದ ಹೆಂಡತಿ ನಗಲಿಲ್ಲ. ಮನೆಗೆ ಬಂದ ಮೇಲೆ, ಗಾಡಿಯ ಹತ್ತಿರ ಆ ಮಾತು ಆಡುವುದಿಲ್ಲವೆಂದು ಅವನಿಂದ ಆಣೆ ಹಾಕಿಸಿಕೊಂಡಳು. ಅವನೂ ಧಾರಾಳವಾಗಿ ಹಾಕಿದ. ಒಬ್ಬನೇ ಕೆಲಸ ಮಾಡುವವನು ಯಾರಿಗೆ ಹಿಡಿ ಅನ್ನಬೇಕು?

ಮನೆಯ ಮಗ್ಗುಲಿನ ಶೆಡ್ಡಿನಲ್ಲಿ ಗಾಡಿ ಒಂದೊಂದಾಗಿ ಹೊಸ ಒಡವೆ ತೊಟ್ಟುಕೊಂಡಿತು. ಟರ್ಬೊ ಬಿಚ್ಚಿ ತೊಳೆದ, ದಪ್ಪ ಸೈಲೆನ್ಸರ್ ಹಾಕಿದ. ಹಳೆಯ ಸೀಟು ಕಿತ್ತು ರೇಸಿನ ಸೀಟು ಕೂರಿಸಿದ. ಅದಕ್ಕೆ ಎರಡೂ ಹೆಗಲ ಮೇಲಿಂದ ಇಳಿಯುವ ಅಗಲದ ಬೆಲ್ಟು. ಆಗೊಮ್ಮೆ ಈಗೊಮ್ಮೆ ಗಾಡಿಯೊಳಗಿಂದ ಕೂದಲು ಸುಟ್ಟ ವಾಸನೆ ಬರುತ್ತಿತ್ತು. ಹಳೆಯ ವೈರು ಅಂದುಕೊಂಡ. ಕೊನೆಗೆ ದೊಡ್ಡ ಡಿಸ್ಕಿನ ಹೊಸ ಬ್ರೇಕು ಜೋಡಿಸಿದ. ಇನ್ನು ಪೈಪಿನಲ್ಲಿ ಸೇರಿದ ಗಾಳಿ ತೆಗೆಯಬೇಕು. ಅದು ಮಾತ್ರ ಇಬ್ಬರು ಮಾಡುವ ಕೆಲಸ.

ಭಾನುವಾರ ಮಧ್ಯಾಹ್ನ ಹೆಂಡತಿಯನ್ನು ಕರೆತಂದು ಸೀಟಿನಲ್ಲಿ ಕೂರಿಸಿದ. ಬ್ರೇಕ್ ಎಣ್ಣೆಗೆ ಧೂಳು ಬೀಳಬಾರದೆಂದು ಷಟರ್ ಎಳೆದ. ಶೆಡ್ಡು ಕತ್ತಲಾಯಿತು. ಒಂದೇ ಒಂದು ದೀಪ ನೆಲದ ಮೇಲೆ ಉರಿಯುತ್ತಿತ್ತು. ಗಾಡಿಯ ಹಿಂಭಾಗ ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲಿತ್ತು, ಹಿಂದಿನ ಚಕ್ರಗಳು ಗೋಡೆಗೆ ಒರಗಿದ್ದವು.

“ನಾನು ಒತ್ತು ಅಂದಾಗ ಪೆಡಲ್ ಒತ್ತು. ನಾನು ನಟ್ಟು ಸಡಿಲಿಸ್ತೀನಿ, ಎಣ್ಣೆ ಜೊತೆ ಗಾಳಿ ಹೊರಗೆ ಬರುತ್ತೆ. ಬಿಗಿ ಮಾಡೋವರೆಗೂ ಕಾಲು ಎತ್ತಬಾರದು. ಎತ್ತಿದ್ರೆ ಗಾಳಿ ವಾಪಸ್ ಒಳಗೆ.”

“ಎತ್ತಬಾರದು ಅನ್ನೋಕೆ ಏನಂತೀರಿ?” ಹೆಂಡತಿಯ ದನಿಯಲ್ಲಿ ಅಳುಕಿತ್ತು.

“ಎಲ್ಲರೂ ಏನಂತಾರೋ ಅದು.”

“ಅದು ಬೇಡ. ಆಣೆ ಹಾಕಿದ್ದೀರಿ. ‘ಇರಲಿ’ ಅನ್ನಿ.”

“ಆಯ್ತು ಮಾರಾಯ್ತಿ, ಇರಲಿ!”

ಹಿಂದಿನ ಎಡಚಕ್ರದ ಕೆಲಸ ಸುಸೂತ್ರವಾಗಿ ಮುಗಿಯಿತು. ಬಲಗಡೆಗೆ ಬಂದಾಗ ಅವನು ಬೆನ್ನ ಮೇಲೆ ಮಲಗಿ ಗಾಡಿಯಡಿ ಪೂರ್ತಿ ಸರಿದ. ಅವನ ಕೈ ಕಾಣಲೆಂದು ಅವಳು ಬಾಗಿಲ ಕನ್ನಡಿಯನ್ನು ಕೆಳಕ್ಕೆ ತಿರುಗಿಸಿಕೊಂಡಳು. ಒತ್ತು, ಇರಲಿ. ಒತ್ತು, ಇರಲಿ. ಪಾನಾ ಜಾರಿ ಅವನ ಬೆರಳಿನ ಗೆಣ್ಣು ಸುಲಿಯಿತು. ನೋವಿನಲ್ಲಿ “ಅಯ್ಯೋ... ಇರಲಿ, ಇರಲಿ!” ಎಂದ.

ಕನ್ನಡದಲ್ಲಿ ಹೀಗೆ ಅಂದರೆ ಯಾರಾದರೂ ಏನು ತಿಳಿಯಬೇಕು? ಹೋಗಲಿ, ಸಾಕು ಎಂದೇ ತಾನೆ. ಅವಳೂ ಹಾಗೇ ತಿಳಿದು ಕಾಲೆತ್ತಿದಳು. ಪೈಪು ಗೊರಗುಟ್ಟಿ ಗಾಳಿ ಹೀರಿತು. ಅಲ್ಲಿಯವರೆಗೆ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ.

“ಥೂ! ಒತ್ತು! ಹಿಡಿ! ಹಿಡಿ ಅಂದ್ರೆ ಹಿಡಿ!”

ಮಾತು ಆಡಿದರೆ ಹೋಯಿತು.

ಶೆಡ್ಡಿನ ತುಂಬ ಕೂದಲು ಸುಟ್ಟ ವಾಸನೆ, ಉಸಿರು ಕಟ್ಟುವಷ್ಟು.

“ರೀ, ಕಾಲು ಬರ್ತಿಲ್ಲ.”

“ಏನು?”

“ಪೆಡಲ್ಲು ಬಿಡ್ತಿಲ್ಲ. ರೀ, ಬೆಲ್ಟು...”

ಕೊಕ್ಕೆಯೇ ಹಾಕಿರದ ಬೆಲ್ಟು ಸರಸರನೆ ಸರಿದ ಸದ್ದು. ಅವಳ ದನಿ ನಡುವೆಯೇ ತುಂಡಾಯಿತು. ಎಂಜಿನ್ ಆಫ್ ಆಗಿದ್ದ ಗಾಡಿ ಗಡಗಡ ನಡುಗಿತು. ಬೋಲ್ಟು ತಲೆ ಮುಂದಾಗಿ ಪಕ್ಕಕ್ಕೆ ತೆವಳಿದ. ಭುಜ ಹೊರಬಂತು. ಎದೆ ಬಂತು. ಸೊಂಟ ಬಂತು. ಅಷ್ಟರಲ್ಲಿ ಸ್ಟ್ಯಾಂಡುಗಳು ಠಣ್ಣೆಂದು ಉರುಳಿದವು. ಗಾಡಿ ಕುಸಿಯಿತು.

ಕುಸಿದದ್ದು ನಡುದಾರಿಯಲ್ಲೇ ನಿಂತಿತು. ಸೈಲೆನ್ಸರ್ ಕೊಳವೆ ಅವನ ತೊಡೆಗಳನ್ನು ನೆಲಕ್ಕೆ ಅಮುಕಿ ಹಿಡಿದಿತ್ತು, ಅಷ್ಟೇ. ಮೂಳೆ ಮುರಿದಿರಲಿಲ್ಲ. ಗಾಡಿಯ ಕೆಳಗೆ ಆಧಾರಕ್ಕೆ ಏನೂ ಇರಲಿಲ್ಲ.

ಅವನಿಗೆ ಅರ್ಥವಾಯಿತು. ಹೆಂಡತಿಯ ಕುತ್ತಿಗೆ ಹಿಡಿದದ್ದೇ ಗಾಡಿಯನ್ನೂ ಹಿಡಿದು ನಿಲ್ಲಿಸಿದೆ. ಬಿಡು ಅಂದರೆ ಎರಡನ್ನೂ ಬಿಡುತ್ತದೆ.

ತುಟಿ ಕೂಡಿಸಿದ. ಸದ್ದು ಹೊರಡಲಿಲ್ಲ.

ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಕೆಂಪಗಿತ್ತು. ಬೆಲ್ಟು ಗಂಟಲೊಳಗೆ ಹೂತಿತ್ತು. ಅವಳು ಅದನ್ನು ಪರಚುತ್ತಿದ್ದಳು, ಉಗುರು ಕಿತ್ತು ಬಂದು ಗಾಜಿನ ಮೇಲೆ ರಕ್ತ ಗೀಚಿತು. ಅವನು ಕಾಲು ಎಳೆದ. ಚರ್ಮ ಸುಲಿಯಿತು, ಕಾಲು ಬರಲಿಲ್ಲ. ಜ್ಯಾಕಿಗೆ ಕೈ ಚಾಚಿದ. ಬೆರಳ ತುದಿ ತಾಗಿತು. ಜ್ಯಾಕು ಉರುಳಿ ದೂರ ಹೋಯಿತು.

“ಯಾರಾದ್ರೂ ಬನ್ನಿ! ಯಪ್ಪಾ! ಕಾಪಾಡಿ!”

ಬಾಯಿಗೆ ಬಂದದ್ದೆಲ್ಲ ಕೂಗಿದ. ಆ ಒಂದು ಮಾತು ಬಿಟ್ಟು.

ಅವಳ ಹಿಮ್ಮಡಿ ಬಾಗಿಲಿಗೆ ದಬದಬ ಬಡಿಯುತ್ತಿತ್ತು. ಮುಖ ನೀಲಿಯಾಯಿತು. ಕಣ್ಣು ಮಾತ್ರ ಅವನ ಮೇಲಿತ್ತು. ಬಡಿತ ನಿಧಾನವಾಯಿತು. ಇನ್ನೂ ನಿಧಾನ. ನಿಂತಿತು.

“ಬಿಡು!”

ಗಾಡಿ ಬಿತ್ತು. ಹಸಿ ಕಟ್ಟಿಗೆ ಸೀಳಿದಂಥ ಸದ್ದು ತನ್ನ ತೊಡೆಯದೇ ಎಂದು ಅವನಿಗೆ ತಿಳಿಯುವಷ್ಟರಲ್ಲಿ ನೆಲದ ದೀಪ ರಕ್ತದಲ್ಲಿ ತೊಯ್ದಿತ್ತು. ಬಾಗಿಲು ತೆರೆದುಕೊಂಡಿತು. ಅವಳು ಹೊರಗುರುಳಿ ಬಿದ್ದಳು. ಕೆಮ್ಮಿದಳು.

ಆಸ್ಪತ್ರೆಯಲ್ಲಿ ಅವನ ಎರಡೂ ಕಾಲುಗಳನ್ನು ತೊಡೆಯವರೆಗೆ ತೆಗೆದರು. ನೋಡಲು ಬಂದ ಅಕ್ಕ, ಭಾವ, ಕಾಲೇಜಿನವರು, ಎಲ್ಲರ ಬಾಯಲ್ಲೂ ಒಂದೇ ಮಾತು: ಹೆಂಡತಿಯ ಜೀವಕ್ಕೆ ತನ್ನ ಕಾಲು ಕೊಟ್ಟ ಗಂಡ, ಇಂಥವರು ಎಲ್ಲಿ ಸಿಗುತ್ತಾರೆ. ಅವನು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದ. ಅವಳು ಕುತ್ತಿಗೆಗೆ ಪಟ್ಟಿ ಸುತ್ತಿಕೊಂಡು ಪಕ್ಕದಲ್ಲೇ ಕೂತಿರುತ್ತಿದ್ದಳು. ಗಂಟಲಿನಿಂದ ಮಾತು ಹೊರಡುತ್ತಿರಲಿಲ್ಲ. ಗಂಜಿ ಕುಡಿಸುವಳು, ಬಾಯಿ ಒರೆಸುವಳು, ಬಂದವರಿಗೆ ಕುರ್ಚಿ ಎಳೆದು ಹಾಕುವಳು.

ದನಿ ಮರಳಿದ ದಿನ, ಬಂದವರೆಲ್ಲ ಹೊರಟ ಮೇಲೆ, ಬಾಗಿಲು ಮುಂದೆ ಮಾಡಿ ಬಂದು ಕೂತಳು. ಒಡಕು ದನಿ.

“ಆ ಮಾತು ಅನ್ನೋಕೆ ಅಷ್ಟೊತ್ತು ಯಾಕೆ ಮಾಡಿದ್ರಿ?”

ಸುಳ್ಳು ಹೇಳಲು ಅವನ ಹತ್ತಿರ ಏನೂ ಉಳಿದಿರಲಿಲ್ಲ.

“ಹೆದರಿಕೆ ಆಯ್ತು ಕಣೇ.”

“ನನಗೂ ಆಗಿತ್ತು,” ಎಂದಳು. ಜಾರಿದ್ದ ಹೊದಿಕೆಯನ್ನು ಎಳೆದು ಅವನ ಸೊಂಟಕ್ಕೆ ಸರಿಯಾಗಿ ಹೊದಿಸಿ, ಮಂಚದಡಿ ಇಟ್ಟಿದ್ದ ತನ್ನ ಬಟ್ಟೆಯ ಚೀಲ ತೆಗೆದುಕೊಂಡು ಹೊರಗೆ ಹೋದಳು.